ಎಲೆಯೊಳಗಿನ ಕಹಿ: ಮರ, ಹುಳ ಮತ್ತು ಸಸ್ಯ ರಾಸಾಯನಿಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹೊಲದ ಬದುವಿಗೆ, ಮನೆ ಮುಂದೆ, ಶಾಲೆ ಅಂಗಳದಲ್ಲಿ ಗಿಡ ಹಚ್ಚಿದವರು ಕೇಳುವ ಪ್ರಶ್ನೆಗಳು ಇವು. ಮುಂಗಾರಿನ ಮೊದಲ ಮಳೆಗೆ ಚಿಗುರು ಒಡೆದಾಗ ಒಂದು ಸಲ ಬರುತ್ತವೆ. ಹಿಂಗಾರಿನ ಹೊತ್ತಿಗೆ ಬೇವಿನ ತುದಿ ಒಣಗಿದಾಗ ಇನ್ನೊಂದು ಸಲ ಬರುತ್ತವೆ. ಔಷಧದ ಅಂಗಡಿಗೆ ಓಡುವ ಮೊದಲು, ಮರ ತನ್ನಷ್ಟಕ್ಕೆ ತಾನು ಏನು ಮಾಡಿಕೊಳ್ಳುತ್ತಿದೆ ಅಂತ ಒಮ್ಮೆ ನೋಡಿ ಅನ್ನೋದು ನನ್ನ ಕೋರಿಕೆ. ಉತ್ತರಗಳನ್ನೂ ಅದೇ ಮನಸ್ಸಿನಿಂದ ಬರೆದಿದ್ದೇನೆ.

ಒಂದೇ ಬದುವಿನಲ್ಲಿ ಬೇವೂ ಇದೆ, ನುಗ್ಗೆಯೂ ಇದೆ. ಮಳೆ ಬಿದ್ದ ಮೇಲೆ ನುಗ್ಗೆ ಬೋಳಾಗುತ್ತದೆ, ಬೇವು ಹಸಿರಾಗೇ ಇರುತ್ತದೆ. ಯಾಕೆ?

ಎರಡೂ ಮರಗಳ ಎಲೆಯಲ್ಲಿ ಇರುವ ರಾಸಾಯನಿಕ ಬೇರೆ ಬೇರೆ. ಮರ ಓಡಲಾರದು, ಹುಳವನ್ನು ಕೊಡವಲಾರದು. ಹಾಗಾಗಿ ತನ್ನ ಎಲೆ, ತೊಗಟೆ, ಬೀಜದಲ್ಲೇ ತಿನ್ನುವವರಿಗೆ ಒಗ್ಗದ ವಸ್ತುಗಳನ್ನು ಮಾಡಿಟ್ಟುಕೊಳ್ಳುತ್ತದೆ. ಇವು ಮರ ಬೆಳೆಯಲು ನೇರವಾಗಿ ಬೇಕಾದ ಸಕ್ಕರೆ, ಪ್ರೋಟೀನ್‌ಗಳಲ್ಲ. ಬಹಳ ಕಾಲ ಇವನ್ನು ಗಿಡದ ಕಸ, ಉಳಿಕೆ ಪದಾರ್ಥ ಅಂತಲೇ ತಿಳಿದಿದ್ದರು. 1959ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ಕೀಟ ವಿಜ್ಞಾನಿ, ಇವು ಕಸವಲ್ಲ, ಹುಳಗಳಿಂದ ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ವಸ್ತುಗಳು ಎಂದು ಗಟ್ಟಿಯಾಗಿ ವಾದಿಸಿದರು. ಇವತ್ತಿನ ತಿಳಿವಳಿಕೆ ಬೆಳೆದದ್ದು ಆ ದಾರಿಯಲ್ಲೇ.

ಬೇವಿನ ಕಹಿ ಬಹುಪಾಲು ಹುಳಗಳಿಗೆ ಒಗ್ಗುವುದಿಲ್ಲ. ನುಗ್ಗೆಯ ಘಾಟು ಕೂಡ ತುಂಬಾ ಹುಳಗಳನ್ನು ದೂರ ಇಡುತ್ತದೆ. ಆದರೆ ಆ ಘಾಟಿಗೆ ಒಗ್ಗಿಕೊಂಡ ಒಂದು ಕಂಬಳಿಹುಳ ಇದೆ. ಮರ ಬೋಳಾಗಲು ಅದೊಂದೇ ಸಾಕು.

ಈ ರಾಸಾಯನಿಕಗಳಲ್ಲಿ ಎಷ್ಟು ಬಗೆ ಇವೆ? ನೆನಪಿಟ್ಟುಕೊಳ್ಳೋದು ಹೇಗೆ?

ಲೆಕ್ಕಕ್ಕೆ ಕೂತರೆ ಸಾವಿರಾರು. ನಾಲಿಗೆ, ಮೂಗಿನ ಗುರುತು ಹಿಡಿದು ಹೋದರೆ ಸುಲಭ.

ಕಹಿ ಮೊದಲನೆಯದು. ಬೇವು, ಹೆಬ್ಬೇವಿನಲ್ಲಿರುವ ಲಿಮೊನಾಯ್ಡ್‌ಗಳು, ಆಡುಸೋಗೆಯ ವ್ಯಾಸಿಸಿನ್‌ನಂಥ ಆಲ್ಕಲಾಯ್ಡ್‌ಗಳು ಇಲ್ಲಿ ಬರುತ್ತವೆ. ಸ್ವಲ್ಪ ಇದ್ದರೂ ಹುಳದ ನರ ಅಥವಾ ಹಾರ್ಮೋನಿಗೆ ತೊಂದರೆ ಕೊಡುತ್ತವೆ.

ಇನ್ನೊಂದು ಒಗರು. ಕರಿಜಾಲಿ ತೊಗಟೆ, ತಂಗಡಿ ತೊಗಟೆ, ದಾಳಿಂಬೆ ಸಿಪ್ಪೆ ಬಾಯಿಗೆ ಹಾಕಿಕೊಂಡರೆ ನಾಲಿಗೆ ಹಿಡಿದುಕೊಂಡಂತಾಗುತ್ತದೆ. ಅದು ಟ್ಯಾನಿನ್. ಟ್ಯಾನಿನ್ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಚರ್ಮ ಹದ ಮಾಡಲು ಜಾಲಿ, ತಂಗಡಿ ತೊಗಟೆ ಬಳಸುತ್ತಿದ್ದದ್ದು ಇದೇ ಗುಣಕ್ಕೆ. ಎಲೆಯಲ್ಲಿ ಟ್ಯಾನಿನ್ ಜಾಸ್ತಿ ಇದ್ದರೆ ತಿಂದ ಹುಳಕ್ಕೆ ಪ್ರೋಟೀನ್ ಸರಿಯಾಗಿ ದಕ್ಕುವುದಿಲ್ಲ. ಆದರೆ ಎಲ್ಲ ಹುಳಕ್ಕೂ ಇದು ಒಂದೇ ಥರ ನಾಟುವುದಿಲ್ಲ. ತುಂಬಾ ಮರಿಹುಳಗಳ ಹೊಟ್ಟೆ ಕ್ಷಾರೀಯ. ಅಲ್ಲಿ ಟ್ಯಾನಿನ್ ಪ್ರೋಟೀನಿಗೆ ಅಂಟುವುದು ಕಡಿಮೆ. ಅದರ ಬದಲು ಕೆಲವು ಬಗೆಯ ಟ್ಯಾನಿನ್ ಅಲ್ಲೇ ಉತ್ಕರ್ಷಣಗೊಂಡು ಕರುಳಿನ ಗೋಡೆಗೆ ಪೆಟ್ಟು ಕೊಡುತ್ತದೆ.

ಘಾಟು ಅಂದರೆ ನಿಂಬೆ, ನೀಲಗಿರಿ, ಲಕ್ಕಿ, ತುಳಸಿ ಎಲೆ ಉಜ್ಜಿದಾಗ ಮೂಗಿಗೆ ಬರುವ ತೈಲಗಳು. ಇವು ಗಾಳಿಗೆ ಆರಿಹೋಗುವಂಥವು.

ಕೊನೆಯದು ಹಾಲು. ಎಕ್ಕ, ಆಲ, ಅತ್ತಿ, ಪಪ್ಪಾಯಿ, ಹಿಪ್ಪುನೇರಳೆ ಎಲೆ ಮುರಿದರೆ ಬರುವ ಬಿಳಿ ಹಾಲು ಹುಳದ ಬಾಯಿಗೆ ಅಂಟುತ್ತದೆ, ಜೊತೆಗೆ ವಿಷವನ್ನೂ ಹೊತ್ತು ತರುತ್ತದೆ. ಪಪ್ಪಾಯಿ ಹಾಲಿನಲ್ಲಿರುವ ಪಪೈನ್ ಮಾಂಸವನ್ನು ಮೆತ್ತಗೆ ಮಾಡುತ್ತದೆ ಅಂತ ಅಡುಗೆ ಮಾಡುವವರಿಗೆ ಗೊತ್ತು. ಮರಿಹುಳದ ಕರುಳಿಗೂ ಅದು ಹಾನಿ ಮಾಡುತ್ತದೆ.

ಬೇವಿನಲ್ಲಿ ಅಷ್ಟು ವಿಶೇಷ ಏನಿದೆ?

ಅಜಾಡಿರಾಕ್ಟಿನ್ ಎಂಬ ಲಿಮೊನಾಯ್ಡ್. ಅದು ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಬಾಯಲ್ಲಿ. ಹುಳದ ರುಚಿಯ ನರಗಳಿಗೆ ತಾಗಿದ ತಕ್ಷಣ ಅದು ತಿನ್ನುವುದನ್ನು ನಿಲ್ಲಿಸುತ್ತದೆ. ಎರಡನೆಯದು ಮೈಯೊಳಗೆ. ಮರಿಹುಳ ಬೆಳೆಯಲು ಆಗಾಗ ಪೊರೆ ಕಳಚಬೇಕು. ಅದಕ್ಕೆ ಎಕ್ಡೈಸೋನ್ ಎಂಬ ಹಾರ್ಮೋನ್ ಸರಿಯಾದ ಹೊತ್ತಿಗೆ ಬರಬೇಕು. ಅಜಾಡಿರಾಕ್ಟಿನ್ ಆ ಲೆಕ್ಕವನ್ನು ಕೆಡಿಸುತ್ತದೆ. ಹಳೇ ಪೊರೆಯಲ್ಲೇ ಅರ್ಧ ಸಿಕ್ಕಿಕೊಂಡು ಸತ್ತ ಹುಳ ಕಂಡರೆ, ಬೇವು ಕೆಲಸ ಮಾಡಿದೆ ಅಂತ ತಿಳಿಯಬಹುದು.

ಇದು ಪ್ರಯೋಗಾಲಯಕ್ಕೆ ಬಂದದ್ದು ಮಿಡತೆಯ ದಾರಿಯಿಂದ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಸುತ್ತಲಿನ ಹಸಿರನ್ನೆಲ್ಲ ತಿಂದು ಹಾಕಿದ ಮೇಲೂ ಬೇವಿನ ಮರಗಳು ಮಾತ್ರ ಎಲೆ ಹೊತ್ತು ನಿಂತಿದ್ದನ್ನು ಜರ್ಮನಿಯ ಕೀಟ ವಿಜ್ಞಾನಿ ಹೈನ್ರಿಚ್ ಶ್ಮುಟರರ್ ಗಮನಿಸಿದರು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಜೊತೆಗಾರರು ಬೇವಿನ ಬೀಜದ ಕಷಾಯ ಹೊಡೆದ ಬೆಳೆಯನ್ನು ಮಿಡತೆ ತಿನ್ನಲಿಲ್ಲ ಅಂತ ತೋರಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಅಜಾಡಿರಾಕ್ಟಿನನ್ನು ಬೇರ್ಪಡಿಸಿದರು. ಅದರ ರಚನೆ ಎಷ್ಟು ಜಟಿಲ ಅಂದರೆ ಕೇಂಬ್ರಿಜ್‌ನಲ್ಲಿ ಸ್ಟೀವನ್ ಲೇ ಅವರ ತಂಡ ಅದನ್ನು ಪೂರ್ತಿಯಾಗಿ ಕೃತಕವಾಗಿ ತಯಾರಿಸಿದ್ದು 2007ರಲ್ಲಿ, 22 ವರ್ಷ ದುಡಿದ ಮೇಲೆ. ನಮ್ಮ ಬಿರುಬಿಸಿಲಿನ ಹೊಲದ ಬದುವಿನಲ್ಲಿ ಬೇವು ಅದನ್ನು ಪ್ರತಿ ವರ್ಷ ಕಾಯಿಯೊಳಗೆ ತುಂಬಿಡುತ್ತದೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಬೆರಗಾಗುತ್ತದೆ.

ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಅಮೆರಿಕದ ಒಂದು ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ ಯೂರೋಪಿನಲ್ಲಿ ಪೇಟೆಂಟ್ ಪಡೆದಿದ್ದವು. ಭಾರತದ ಕಡೆಯಿಂದ ವಾದ ನಡೆದು 2000ರಲ್ಲಿ ಅದು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿತ್ತು. ನಮ್ಮ ರೈತರಿಗೆ ಮೊದಲೇ ಗೊತ್ತಿದ್ದದ್ದು ಹೊಸ ಶೋಧ ಆಗಲಾರದು ಅನ್ನೋದೇ ಅಲ್ಲಿ ಗೆದ್ದ ಮಾತು.

ಹಾಗಾದರೆ ಬೇವಿಗೇ ಯಾಕೆ ತುದಿ ಒಣಗುತ್ತದೆ? ಊರಿನ ಬೇವೆಲ್ಲ ಸುಟ್ಟಂತೆ ಕಾಣುತ್ತಿದೆ.

ಇದು ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಪ್ರಶ್ನೆ. ಸಾಮಾನ್ಯವಾಗಿ ಇಬ್ಬರು ಸೇರಿ ಮಾಡುವ ಕೆಲಸ ಇದು. ಒಂದು, ಟೀ ಸೊಳ್ಳೆ ಅಂತ ಕರೆಯುವ ತಿಗಣೆ. ಇದು ಎಲೆ ಅಗಿಯುವುದಿಲ್ಲ, ಎಳೆ ಕುಡಿಗೆ ಸೂಜಿ ಬಾಯಿ ಚುಚ್ಚಿ ರಸ ಹೀರುತ್ತದೆ. ಚುಚ್ಚಿದ ಜಾಗ ಕಂದು ಬಣ್ಣಕ್ಕೆ ತಿರುಗಿ ಕುಡಿ ಬಾಡುತ್ತದೆ. ಎರಡು, ತುದಿಯಿಂದ ಕೆಳಗೆ ಒಣಗಿಸುತ್ತ ಬರುವ ಒಂದು ಶಿಲೀಂಧ್ರ.

ಬೇವಿನ ಕಹಿ ಮುಖ್ಯವಾಗಿ ಅಗಿದು ತಿನ್ನುವವರ ವಿರುದ್ಧ ಚೆನ್ನಾಗಿ ಕೆಲಸ ಮಾಡುತ್ತದೆ. ಅಜಾಡಿರಾಕ್ಟಿನ್ ಜಾಸ್ತಿ ಇರುವುದು ಬೀಜದ ಬೇಳೆಯಲ್ಲಿ, ಎಲೆಯಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಎಳೆ ಕುಡಿಯ ರಸ ಹೀರುವವನಿಗೆ ಅದರ ಬಾಧೆ ಅಷ್ಟಾಗಿ ತಟ್ಟುವುದಿಲ್ಲ. ಬೇವಿಗೆ ಶಲ್ಕ ಕೀಟ ಹತ್ತುವುದೂ ಉಂಟು. ಬೇವನ್ನು ಯಾವ ಹುಳವೂ ಮುಟ್ಟುವುದಿಲ್ಲ ಅನ್ನೋ ಮಾತನ್ನು ಬಿಟ್ಟುಬಿಡಿ.

ಗಾಬರಿ ಬೇಡ. ದೊಡ್ಡ ಮರಗಳು ಹೆಚ್ಚಾಗಿ ಮುಂದಿನ ಚಿಗುರಿಗೆ ಸುಧಾರಿಸಿಕೊಳ್ಳುತ್ತವೆ. ಕೈಗೆ ಸಿಗುವ ಒಣ ತುದಿಗಳನ್ನು ಹಸಿ ಭಾಗದವರೆಗೆ ಕತ್ತರಿಸಿ ಸುಟ್ಟು ಹಾಕಿ. ಮರ ಸತ್ತಿತು ಅಂತ ಬುಡಕ್ಕೆ ಕೊಡಲಿ ಹಾಕಬೇಡಿ, ದಯವಿಟ್ಟು.

ಬೇವಿನ ಎಲೆ ಕುದಿಸಿ ಹೊಡೆದರೆ ಸಾಕಲ್ವಾ?

ಸಾಲದು. ಎಲೆಯಲ್ಲಿ ಸತ್ವ ಕಡಿಮೆ, ಕುದಿಸಿದರೆ ಇದ್ದದ್ದೂ ಹೋಗುತ್ತದೆ. ಬೀಜವೇ ಬೇಕು.

ನಮ್ಮ ಕಡೆ ಜೂನ್, ಜುಲೈ ಹೊತ್ತಿಗೆ ಹಣ್ಣು ಉದುರುತ್ತವೆ. ಆರಿಸಿ ತಂದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ, ಗೋಣಿಚೀಲ ಒಳ್ಳೆಯದು. ಬೂಸ್ಟು ಹಿಡಿದ ಬೀಜ ಬೇಡ, ಹೋದ ವರ್ಷದ ಬೀಜವೂ ಬೇಡ. ಬೀಜದ ಗಟ್ಟಿ ಸಿಪ್ಪೆ ಒಡೆದು ತೆಗೆದ ಐದು ಕಿಲೋ ಬೇಳೆಯನ್ನು ತರಿತರಿಯಾಗಿ ಕುಟ್ಟಿ ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ, ನೂರು ಲೀಟರ್ ಆಗುವಷ್ಟು ನೀರು ಸೇರಿಸಿ. ಎಲೆಗೆ ಅಂಟಲು ನೂರು ಗ್ರಾಂ ಸೋಪಿನ ಪುಡಿ ಹಾಕಿ. ಹದಿನಾರು ಲೀಟರ್ ಪಂಪಿನ ಲೆಕ್ಕಕ್ಕೆ ಎಂಟುನೂರು ಗ್ರಾಂ ಬೇಳೆ ಬೇಕಾಗುತ್ತದೆ. ಇದೇ ಶೇಕಡಾ 5ರ ಕಷಾಯ.

ಹೊಡೆಯುವುದು ಸಂಜೆ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಒಡೆದುಹೋಗುತ್ತದೆ, ರಾಯಚೂರಿನ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಮಾಡಿದ ದಿನವೇ ಬಳಸಿ. ಹುಳ ಅಲ್ಲೇ ಬಿದ್ದು ಸಾಯುವುದಿಲ್ಲ. ತಿನ್ನುವುದು ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಸೊರಗುತ್ತದೆ. ಮರುದಿನ ಹುಳ ಜೀವಂತ ಇದೆ ಅಂತ ಮತ್ತೊಂದು ಔಷಧ ಸುರಿಯಬೇಡಿ.

ಒಂದು ಎಚ್ಚರಿಕೆ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ, ರೇಷ್ಮೆ ಸಾಕುವವರಿದ್ದರೆ ಗಾಳಿ ನೋಡಿ ಹೊಡೆಯಿರಿ. ರೇಷ್ಮೆ ಹುಳವೂ ಮರಿಹುಳವೇ. ಬೇವು ತಾಗಿದ ಸೊಪ್ಪು ತಿಂದರೆ ಅದರ ಪೊರೆ ಕಳಚುವಿಕೆಯೂ ಕೆಡುತ್ತದೆ.

ನಿಂಬೆ, ಕರಿಬೇವಿಗೆ ಅಷ್ಟು ಘಾಟು ಇದ್ದರೂ ಹುಳ ತಿಂದು ಹಾಕುತ್ತದಲ್ಲ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಇದರ ಉತ್ತರವನ್ನು ಹಿತ್ತಲಿನಲ್ಲೇ ನೋಡಬಹುದು.

ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆ ಇರುವ ನಿಂಬೆ ಚಿಟ್ಟೆ ಗಿಡದ ಸುತ್ತ ತಿರುಗುವಾಗ ಸುಮ್ನೆ ನಿಂತು ನೋಡಿ. ಹೆಣ್ಣು ಚಿಟ್ಟೆ ಎಲೆ ಮೇಲೆ ಕೂತು ಮುಂಗಾಲಿನಿಂದ ಪಟಪಟ ಬಡಿಯುತ್ತದೆ. ಅದರ ಕಾಲಿನಲ್ಲಿ ರುಚಿ ನೋಡುವ ರೋಮಗಳಿವೆ. ಎಲೆಯ ರಾಸಾಯನಿಕವನ್ನು ಕಾಲಲ್ಲೇ ನೆಕ್ಕಿ, ಇದು ನಿಂಬೆಯ ಜಾತಿ ಹೌದೋ ಅಲ್ಲವೋ ಅಂತ ತಿಳಿದುಕೊಳ್ಳುತ್ತದೆ. ಹೌದಾದರೆ ಎಳೆ ಎಲೆಗೆ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿ ಮೊಟ್ಟೆ ಒಂದೊಂದಾಗಿ ಇಡುತ್ತದೆ. ಬೇರೆ ಹುಳಕ್ಕೆ ದೂರ ಹೋಗು ಅನ್ನುವ ಅದೇ ಘಾಟು ಇದಕ್ಕೆ ವಿಳಾಸ ಆಗಿದೆ.

ಮರಿ ಚಿಕ್ಕದಿದ್ದಾಗ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ದೊಡ್ಡದಾದಾಗ ಎಲೆಯದೇ ಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೋಡು ಹೊರಗೆ ಬರುತ್ತವೆ, ಕಟುವಾದ ವಾಸನೆ ಹೊಡೆಯುತ್ತದೆ. ಇರುವೆ, ಜೇಡಗಳನ್ನು ಹೆದರಿಸಲು ಅದು. ನಿಂಬೆ, ಕರಿಬೇವು, ಬಿಲ್ವ ಮೂರೂ ಒಂದೇ ಕುಟುಂಬದ ಗಿಡಗಳು. ಮೂರರ ಮೇಲೂ ಈ ಹುಳ ಬೆಳೆಯುತ್ತದೆ. ಪಕ್ಕದ ಮಾವನ್ನು ಮುಟ್ಟುವುದಿಲ್ಲ.

ಗಿಡ ಹೊಸ ರಾಸಾಯನಿಕ ಕಂಡುಕೊಳ್ಳುತ್ತದೆ, ಯಾವುದೋ ಒಂದು ಹುಳದ ವಂಶ ಅದನ್ನು ಜೀರ್ಣಿಸಲು ಕಲಿಯುತ್ತದೆ, ಆ ಗಿಡಕ್ಕೇ ಅಂಟಿಕೊಳ್ಳುತ್ತದೆ. ಲಕ್ಷಾಂತರ ವರ್ಷ ನಡೆದ ಈ ಹಗ್ಗಜಗ್ಗಾಟವನ್ನು 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಚಿಟ್ಟೆಗಳನ್ನೇ ಇಟ್ಟುಕೊಂಡು ವಿವರಿಸಿದರು. ಯಾವ ಮರ ಕಂಡರೂ ನಾನು ಮೊದಲು ಹುಡುಕುವುದು ಇದನ್ನೇ: ಇದರ ವಿಷವನ್ನು ಗೆದ್ದವನು ಯಾರು?

ಒಂದೆರಡು ನಿಂಬೆ ಗಿಡ ಇದ್ದರೆ ಕೈಯಿಂದ ಆರಿಸಿದರೆ ಸಾಕು. ಸಸಿಗಳಿಗೆ ಮಾತ್ರ ಹೆಚ್ಚು ನಿಗಾ ಬೇಕು.

ಎಕ್ಕದ ಗಿಡವನ್ನು ದನ ಮುಟ್ಟುವುದಿಲ್ಲ, ಆದರೆ ಅದರ ಮೇಲೆ ಬಣ್ಣಬಣ್ಣದ ಮಿಡತೆ ಕೂತಿರುತ್ತದೆ. ಅದಕ್ಕೆ ವಿಷ ಏರುವುದಿಲ್ಲವೇ?

ಎಕ್ಕದ ಹಾಲಿನಲ್ಲಿ ಹೃದಯದ ಮೇಲೆ ಕೆಲಸ ಮಾಡುವ ಕಾರ್ಡಿನೊಲೈಡ್ ಎಂಬ ವಿಷಗಳಿವೆ. ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ ಅನ್ನು ಹೊರಗೆ ತಳ್ಳುವ ಒಂದು ಪ್ರೋಟೀನ್ ಇದೆ, ಇವು ಅದನ್ನೇ ತಡೆದು ನಿಲ್ಲಿಸುತ್ತವೆ. ಹಳದಿ, ನೀಲಿ ಪಟ್ಟೆಯ ಆ ಮಿಡತೆ ವಿಷವನ್ನು ತಾಳಿಕೊಳ್ಳುವುದಷ್ಟೇ ಅಲ್ಲ, ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಿಡಿಯಲು ಹೋದರೆ ಚಿಮ್ಮಿಸುತ್ತದೆ ಕೂಡ. ಆ ಬಣ್ಣ ಹಕ್ಕಿಗಳಿಗೆ ಕೊಟ್ಟ ಎಚ್ಚರಿಕೆ. ಎಕ್ಕದ ಮೇಲೆ ಬೆಳೆಯುವ ಕಿತ್ತಳೆ ಚಿಟ್ಟೆಯ ಮರಿಯೂ ಇದೇ ವಿಷವನ್ನು ನೆಚ್ಚಿಕೊಂಡಿದೆ. ಅಮೆರಿಕದ ಮೊನಾರ್ಕ್ ಚಿಟ್ಟೆ ಇದರ ಸಂಬಂಧಿ. ಅದರ ಸೋಡಿಯಂ ಪ್ರೋಟೀನಿನಲ್ಲೇ ವಿಷ ಅಂಟದ ಹಾಗೆ ಬದಲಾವಣೆ ಆಗಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಕಣ್ಣಿನ ಪಾರದರ್ಶಕ ಪದರಕ್ಕೆ ಅದು ಕೆಟ್ಟ ಹಾನಿ ಮಾಡುತ್ತದೆ. ತಾಗಿದರೆ ಕೂಡಲೇ ತುಂಬಾ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಬಳ್ಳಾರಿ ಜಾಲಿಯ ಹಸಿ ಎಲೆಯನ್ನು ಕುರಿ, ಆಡು ತಿನ್ನಲು ಒಲ್ಲವು. ಬನ್ನಿಯನ್ನಾದರೆ ಬಿಡುವುದಿಲ್ಲ. ಎರಡೂ ನೆಂಟರು ಅಂತಾರಲ್ಲ?

ಹೌದು, ಹತ್ತಿರದ ನೆಂಟರೇ. ಆದರೆ ಬಳ್ಳಾರಿ ಜಾಲಿಯ ಎಲೆಯಲ್ಲಿ ಜೂಲಿಫ್ಲೋರಿನ್‌ನಂಥ ಆಲ್ಕಲಾಯ್ಡ್‌ಗಳಿವೆ, ಬಾಯಿಗೆ ಸೇರುವುದಿಲ್ಲ. ಬನ್ನಿಯ ಎಲೆಯಲ್ಲಿ ಟ್ಯಾನಿನ್ ಇದ್ದರೂ ದನಕರು ಆಸೆಯಿಂದ ತಿನ್ನುತ್ತವೆ. ಹುಳಗಳಿಗೂ ಬನ್ನಿ ಇಷ್ಟ. ಎಲೆಗಂಟು, ಕಾಯಿಗಂಟು ಇಲ್ಲದ ಬನ್ನಿ ಸಿಗುವುದೇ ಅಪರೂಪ.

ಬಳ್ಳಾರಿ ಜಾಲಿಗೆ ಇನ್ನೊಂದು ಅನುಕೂಲ ಇದೆ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು. ಅಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಹುಳಗಳಲ್ಲಿ ಹೆಚ್ಚಿನವು ಅಲ್ಲೇ ಉಳಿದವು. ಇಲ್ಲಿನ ಹುಳಗಳಿಗೆ ಅದರ ರಾಸಾಯನಿಕ ಹೊಸದು. ಮೇಲಾಗಿ ಎಲೆ ಕಹಿ, ಕಾಯಿ ಸಿಹಿ. ದನ, ಕುರಿಗಳು ಕಾಯಿ ತಿಂದು ಬೀಜವನ್ನು ಸಗಣಿ, ಹಿಕ್ಕೆಯ ಜೊತೆ ಊರೆಲ್ಲ ಬಿತ್ತಿದವು. ಕೆರೆ ಅಂಗಳ, ಹಳ್ಳದ ದಂಡೆ ಅದರ ಪಾಲಾದದ್ದು ಹೀಗೆ. ಹುಳ ಹತ್ತದ ಮರ ಅಂದ ಮಾತ್ರಕ್ಕೆ ಒಳ್ಳೆಯ ಮರ ಆಗುವುದಿಲ್ಲ. ಬನ್ನಿಯ ಕೆಳಗೆ ಬೆಳೆ ಬರುತ್ತದೆ, ಹಕ್ಕಿ ಕೂರುತ್ತದೆ. ನನ್ನನ್ನು ಕೇಳಿದರೆ ಗಂಟು ಹತ್ತಿದ ಬನ್ನಿಯೇ ಬದುವಿಗೆ ಮೇಲು.

ಹುಳ ಯಾವಾಗಲೂ ಚಿಗುರನ್ನೇ ಯಾಕೆ ಹುಡುಕುತ್ತದೆ? ಮಾವಿನ ಚಿಗುರು ಕೆಂಪಾಗಿರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಚಿಗುರಿನಲ್ಲಿ ಪ್ರೋಟೀನ್ ಜಾಸ್ತಿ, ನಾರು ಕಡಿಮೆ, ಅಗಿಯಲು ಮೆತ್ತಗೆ. ಬಲಿತ ಎಲೆ ದಪ್ಪ, ಒಗರು. ಆಕ್ಸ್‌ಫರ್ಡ್ ಹತ್ತಿರದ ಕಾಡಿನಲ್ಲಿ ಓಕ್ ಮರಗಳ ಮೇಲೆ ಪಾಲ್ ಫೀನಿ ಮಾಡಿದ ಅಧ್ಯಯನ 1970ರಲ್ಲಿ ಪ್ರಕಟವಾಯಿತು. ಅಲ್ಲಿನ ಒಂದು ಪತಂಗದ ಮರಿಗಳು ವಸಂತದ ಎಳೆ ಎಲೆ ಇರುವಾಗಲೇ ಅವಸರದಲ್ಲಿ ತಿಂದು ಮುಗಿಸುತ್ತವೆ. ಬೇಸಿಗೆ ಬರುತ್ತಿದ್ದಂತೆ ಎಲೆಯಲ್ಲಿ ಟ್ಯಾನಿನ್ ಏರುತ್ತದೆ, ಪ್ರೋಟೀನ್ ಇಳಿಯುತ್ತದೆ. ತಡವಾಗಿ ಹುಟ್ಟಿದ ಮರಿ ಸೊರಗುತ್ತದೆ.

ಮಾವಿನ ಕೆಂಪು ಬಣ್ಣ ಆಂಥೋಸಯಾನಿನ್‌ನದು. ಅಂಥ ಚಿಗುರಿನಲ್ಲಿ ಹಸಿರು ಇನ್ನೂ ತುಂಬಿರುವುದಿಲ್ಲ. ಎಲೆ ಗಟ್ಟಿಯಾಗುವವರೆಗೆ ಬೆಲೆಬಾಳುವ ಪೋಷಕಾಂಶ ತುಂಬದೆ ಕಾಯುವುದು ಎಷ್ಟೋ ಉಷ್ಣವಲಯದ ಮರಗಳ ರೂಢಿ. ಹುಳ ತಿಂದರೂ ನಷ್ಟ ಕಡಿಮೆ. ಬಿಸಿಲಿನಿಂದ ಎಳೆ ಎಲೆಯನ್ನು ಕಾಯುವ ಕೆಲಸವನ್ನೂ ಈ ಬಣ್ಣ ಮಾಡುತ್ತದೆ. ಯಾವುದರ ಪಾಲು ಎಷ್ಟು ಅನ್ನೋ ಚರ್ಚೆ ಇನ್ನೂ ನಡೆದೇ ಇದೆ.

ಕೊಪ್ಪಳದ ಮಾವಿನ ತೋಟಗಳಲ್ಲಿ ಚಿಗುರೆಲೆ ಅಡ್ಡಲಾಗಿ ತುಂಡಾಗಿ ನೆಲಕ್ಕೆ ಬಿದ್ದಿದ್ದರೆ ಎತ್ತಿ ನೋಡಿ. ಅಂಚು ಕತ್ತರಿ ಹಾಕಿದಷ್ಟು ನೇರ ಇದ್ದರೆ ಅದು ಎಲೆ ಕತ್ತರಿಸುವ ಮೂತಿಹುಳದ ಕೆಲಸ. ಎಲೆಯಲ್ಲಿ ಮೊಟ್ಟೆ ಇಟ್ಟು, ಆಮೇಲೆ ಕತ್ತರಿಸಿ ಬೀಳಿಸುತ್ತದೆ. ಬಿದ್ದ ಎಲೆಗಳನ್ನು ಆಗಾಗ ಗುಡಿಸಿ ಸುಟ್ಟರೆ ಮುಂದಿನ ಸಂತತಿ ಅಲ್ಲೇ ಕಡಿಮೆ ಆಗುತ್ತದೆ.

ಹುಳ ತಿನ್ನುವುದು ಮರಕ್ಕೆ ಗೊತ್ತಾಗುತ್ತದಾ? ಪಕ್ಕದ ಮರಕ್ಕೂ ತಿಳಿಸುತ್ತದೆ ಅಂತಾರೆ.

ಮೊದಲ ಭಾಗ ಖಂಡಿತ ನಿಜ. ಅಮೆರಿಕದಲ್ಲಿ ಗ್ರೀನ್ ಮತ್ತು ರಯಾನ್ 1972ರಲ್ಲಿ ತೋರಿಸಿದ್ದು ಇದು. ಆಲೂಗಡ್ಡೆ, ಟೊಮೆಟೊ ಗಿಡದ ಒಂದು ಎಲೆಯನ್ನು ದುಂಬಿ ತಿಂದರೆ, ತಿನ್ನದ ಎಲೆಗಳಲ್ಲೂ ಹುಳದ ಜೀರ್ಣಶಕ್ತಿ ಕೆಡಿಸುವ ಪ್ರೋಟೀನ್ ತುಂಬಿಕೊಳ್ಳುತ್ತದೆ. ಈ ಸುದ್ದಿ ಗಿಡದೊಳಗೆ ಹರಡುವುದರಲ್ಲಿ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನಿಗೆ ದೊಡ್ಡ ಪಾತ್ರ ಇದೆ. ಹಾಗಾಗಿ ಗಿಡದ ರಕ್ಷಣೆಯಲ್ಲಿ ಯಾವಾಗಲೂ ಇರುವ ರಾಸಾಯನಿಕ ಬೇರೆ, ಏಟು ಬಿದ್ದ ಮೇಲೆ ಮಾಡಿಕೊಳ್ಳುವ ರಾಸಾಯನಿಕ ಬೇರೆ.

ಎರಡನೆಯ ಭಾಗಕ್ಕೆ ಸ್ವಲ್ಪ ಎಚ್ಚರದಿಂದ ಉತ್ತರಿಸಬೇಕು. 1983ರಲ್ಲಿ ಬಾಲ್ಡ್‌ವಿನ್ ಮತ್ತು ಶುಲ್ಟ್ಸ್, ಎಲೆ ಹರಿದ ಸಸಿಗಳ ಜೊತೆ ಒಂದೇ ಗಾಳಿಯಲ್ಲಿ ಇದ್ದ ಸಸಿಗಳಲ್ಲೂ ಒಗರಿನ ರಾಸಾಯನಿಕ ಏರಿದ್ದನ್ನು ವರದಿ ಮಾಡಿದರು. ಆಗ ತುಂಬಾ ಜನ ನಂಬಲಿಲ್ಲ. 1990ರಲ್ಲಿ ಫಾರ್ಮರ್ ಮತ್ತು ರಯಾನ್, ಒಂದು ಕುರುಚಲು ಗಿಡ ಬಿಡುವ ಮೀಥೈಲ್ ಜಾಸ್ಮೊನೇಟ್ ಆವಿಗೇ ಟೊಮೆಟೊ ಗಿಡ ಎಚ್ಚೆತ್ತುಕೊಳ್ಳುತ್ತದೆ ಅಂತ ತೋರಿಸಿದ ಮೇಲೆ ಮಾತು ಗಟ್ಟಿಯಾಯಿತು. ಆದರೆ ಮರ ಬೇಕೆಂದೇ ಪಕ್ಕದ ಮರಕ್ಕೆ ಹೇಳುತ್ತದೆ ಅನ್ನೋದು ಕತೆ. ಗಾಯದಿಂದ ವಾಸನೆ ಹೊರಡುತ್ತದೆ, ಹತ್ತಿರದಲ್ಲಿ ಇದ್ದವರು ಅದನ್ನು ಗ್ರಹಿಸುತ್ತಾರೆ. ಮರಿಹುಳದ ಮೈಯಲ್ಲಿ ಮೊಟ್ಟೆ ಇಡುವ ಸಣ್ಣ ಕಣಜಗಳೂ ಇಂಥ ವಾಸನೆ ಹಿಡಿದು ಬರುತ್ತವೆ. ಹೂವಿನಲ್ಲಿ ಕಾಣುವ ಕೀಟವೆಲ್ಲ ಶತ್ರು ಅಂತ ವಿಷ ಹೊಡೆದರೆ ಮೊದಲು ಸಾಯುವುದು ಈ ಕಣಜಗಳೇ.

ಯೂರಿಯಾ ಹಾಕಿದ ಗಿಡಕ್ಕೇ ಹುಳ ಜಾಸ್ತಿ. ಇದು ನಿಜವೇ?

ನಿಜ. ಸಾರಜನಕ ಜಾಸ್ತಿ ಆದರೆ ಎಲೆ ದೊಡ್ಡದು, ಮೆತ್ತಗೆ, ಪ್ರೋಟೀನ್ ತುಂಬಿದ್ದು ಆಗುತ್ತದೆ. ಒಗರಿನ ರಾಸಾಯನಿಕಗಳಿಗೆ ಬೇಕಾದ ಇಂಗಾಲ ಬೆಳವಣಿಗೆಗೇ ಖರ್ಚಾಗುತ್ತದೆ. ರಸ ಹೀರುವ ಕೀಟಗಳಂತೂ ಮುಗಿಬೀಳುತ್ತವೆ. ನೀರಿನ ಕೊರತೆಯಲ್ಲಿ ಲೆಕ್ಕ ಅಷ್ಟು ಸರಳ ಅಲ್ಲ. ಸ್ವಲ್ಪ ಬರ ಬಿದ್ದರೆ ಕೆಲವು ಮರಗಳಲ್ಲಿ ಕಹಿ, ಒಗರು ಏರುತ್ತದೆ. ತೀರಾ ಬರ ಆದರೆ ಮರಕ್ಕೆ ಏನನ್ನೂ ಮಾಡಿಕೊಳ್ಳುವ ಶಕ್ತಿ ಉಳಿಯುವುದಿಲ್ಲ, ಕಾಂಡ ಕೊರೆಯುವ ಹುಳ ಹೊಗುತ್ತದೆ. ಮಸಾರಿ ನೆಲದ ಸಸಿಗಳಿಗೆ ಮೊದಲ ಎರಡು ಬೇಸಿಗೆ ಬುಡಕ್ಕೆ ಹೊದಿಕೆ ಹಾಕಿ ನೀರು ಕೊಡುವುದು, ಔಷಧಕ್ಕಿಂತ ದೊಡ್ಡ ರಕ್ಷಣೆ.

ಹೊಂಗೆ ಎಲೆ ತುಂಬ ಗುಳ್ಳೆ ಎದ್ದಿದೆ. ಏನು ಹೊಡೆಯಬೇಕು?

ಏನೂ ಬೇಡ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಮಾಡಿಸಿದ ಗಂಟು. ಹೊಂಗೆಯಲ್ಲಿ ಹುಳಗಳಿಗೆ ಒಗ್ಗದ ಕರಂಜಿನ್ ಎಂಬ ವಸ್ತು ಇದೆ, ಅದರ ಹಿಂಡಿಯನ್ನು ನಾವು ಹೊಲಕ್ಕೆ ಹಾಕುತ್ತೇವೆ. ಆದರೂ ಈ ನುಸಿ ಹೊಂಗೆಯನ್ನೇ ಮನೆ ಮಾಡಿಕೊಂಡಿದೆ. ಮರಕ್ಕೆ ಅದರಿಂದ ಹೆಚ್ಚಿನ ನಷ್ಟ ಇಲ್ಲ.

ಹತ್ತಿಗೂ ಇಂಥ ರಕ್ಷಣೆ ಇದೆಯಾ?

ಹತ್ತಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಗಾಸಿಪಾಲ್ ಎಂಬ ವಿಷ ತುಂಬಿದ ಗ್ರಂಥಿಗಳು. ಬೀಜದ ಹಿಂಡಿ ತಿನ್ನಲು ಒಳ್ಳೆಯದಾಗಲಿ ಅಂತ ಅಮೆರಿಕದಲ್ಲಿ 1960ರ ದಶಕದಲ್ಲಿ ಗ್ರಂಥಿ ಇಲ್ಲದ ಹತ್ತಿಯನ್ನು ಬೆಳೆಸಿ ನೋಡಿದರು. ಮೊದಲು ಹತ್ತಿಯ ಗೊಡವೆಗೆ ಬಾರದಿದ್ದ ದುಂಬಿಗಳೂ ಬಂದು ತಿನ್ನತೊಡಗಿದವು. ಒಂದು ರಾಸಾಯನಿಕ ತೆಗೆದರೆ ಎಷ್ಟು ಜನರಿಗೆ ಬಾಗಿಲು ತೆರೆಯುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಇಲ್ಲ. ರಾಸಾಯನಿಕ ಒಂದೇ ಅಲ್ಲ, ಎಲೆಯ ಕೂದಲೂ ಕಾಯುತ್ತದೆ. ಕೂದಲು ಜಾಸ್ತಿ ಇರುವ ಹತ್ತಿ ತಳಿಗಳಿಗೆ ಜಿಗಿಹುಳದ ಕಾಟ ಕಡಿಮೆ.

ಹುಳ ಹತ್ತದ ತಳಿ ಅಂತ ಹೇಳಿ ಸಸಿ ಮಾರುತ್ತಾರೆ. ನಂಬಬಹುದೇ?

ಹುಳ ಕಡಿಮೆ ಹತ್ತುವ ತಳಿ ಅಂದರೆ ನಂಬಬಹುದು. ಹುಳವೇ ಹತ್ತುವುದಿಲ್ಲ ಅಂದರೆ ನಂಬಬೇಡಿ. ಹೆಬ್ಬೇವು ಬೇವಿನ ಕುಟುಂಬದ್ದು, ಲಿಮೊನಾಯ್ಡ್ ಇರುವುದು ನಿಜ. ಅಂದ ಮಾತ್ರಕ್ಕೆ ಸಸಿಯನ್ನು ಹಚ್ಚಿ ಮರೆತುಬಿಡುವಂತಿಲ್ಲ.

ಸುಬಾಬುಲ್ ಕತೆ ನೆನಪಿಡಿ. ಅದರ ಎಲೆಯಲ್ಲಿ ಮಿಮೋಸಿನ್ ಎಂಬ ವಿಷ ಇದೆ, ಜಾಸ್ತಿ ತಿಂದ ಪ್ರಾಣಿಯ ಕೂದಲು ಉದುರುತ್ತದೆ. ಮೇವಿಗೆ, ಸೌದೆಗೆ ಅಂತ ದೇಶದ ತುಂಬ ಹಚ್ಚಿದರು. 1988ರಲ್ಲಿ ಹೇನಿನಷ್ಟು ಚಿಕ್ಕ ಒಂದು ರಸ ಹೀರುವ ಕೀಟ ಭಾರತಕ್ಕೆ ಬಂತು. ಸುಬಾಬುಲ್‌ನ ತವರಿನ ಕಡೆಯದೇ ಕೀಟ ಅದು, ಮಿಮೋಸಿನ್‌ಗೆ ಹೆದರುವಂಥದ್ದಲ್ಲ. ಚಿಗುರೆಲ್ಲ ಕಪ್ಪಾಗಿ ಮುರುಟಿದವು. ಅದೇ ಕುಲದ ಬೇರೆ ಕೆಲವು ಜಾತಿಗಳಿಗೆ ಅದರ ಕಾಟ ಅಷ್ಟಾಗಿ ಇರಲಿಲ್ಲ. ಆ ಕೀಟವನ್ನು ತಿನ್ನುವ ಗುಲಗಂಜಿ ಹುಳವನ್ನು ಹೊರಗಿನಿಂದ ತರಿಸಿ ಬಿಟ್ಟ ಮೇಲೆ ಹತೋಟಿ ಸುಲಭವಾಯಿತು.

ನೀಲಗಿರಿಗೆ, ಎಲೆಯಲ್ಲಿ ಗಂಟು ಕಟ್ಟಿಸುವ ಗಂಟುಕಣಜ ಬಂದಾಗಲೂ ಹೀಗೇ ಆಯಿತು. ಒಂದು ಕ್ಲೋನ್ (ಒಂದೇ ಮರದ ಕಡ್ಡಿಯಿಂದ ಬೆಳೆಸಿದ ಸಸಿಗಳು) ಪೂರ್ತಿ ಗಂಟು ಕಟ್ಟಿದರೆ ಪಕ್ಕದ ಕ್ಲೋನ್ ಪಾರಾಯಿತು. ಆದ್ದರಿಂದ ಒಂದೇ ಬಗೆಯ ಸಸಿಯನ್ನು ಇಡೀ ಹೊಲಕ್ಕೆ ಹಚ್ಚಬೇಡಿ. ಬದುವಿಗೆ ಬೇವು, ಬನ್ನಿ, ಹೊಂಗೆ, ಹುಣಸೆ, ಒಂದೆರಡು ಸೀತಾಫಲ ಬೆರೆಸಿ ಹಚ್ಚಿ. ಒಂದರ ವಿಷ ಗೆದ್ದ ಹುಳ ಇನ್ನೊಂದರಲ್ಲಿ ಸೋಲುತ್ತದೆ.

ನುಗ್ಗೆಯ ಕಂಬಳಿಹುಳಕ್ಕೆ ಏನು ಮಾಡಬೇಕು?

ಹಗಲು ಹೊತ್ತಿನಲ್ಲಿ ಅವು ಕಾಂಡದ ಮೇಲೆ ಗುಂಪಾಗಿ ಕೂತಿರುತ್ತವೆ. ಅದೇ ನಮಗೆ ಅನುಕೂಲ. ಕೈಗೆ ಬಟ್ಟೆ ಕಟ್ಟಿಕೊಂಡು, ಉದ್ದ ಕೋಲಿಗೆ ಗೋಣಿ ಸುತ್ತಿ ಸೋಪಿನ ನೀರಿನ ಬಕೆಟ್ಟಿಗೆ ಒರೆಸಿ ಹಾಕಿ. ಕೂದಲು ತಾಗಿದರೆ ತುರಿಕೆ ಬರುತ್ತದೆ, ಮಕ್ಕಳನ್ನು ದೂರ ಇಡಿ. ಸೊಪ್ಪು, ಕಾಯಿ ನಾವೇ ತಿನ್ನುವ ಮರ ಅದು. ಕಟು ವಿಷ ಬಳಸಬೇಡಿ.

ಎಲೆಯೆಲ್ಲ ಹೋದರೆ ಮರ ಸಾಯುತ್ತದಾ?

ಬೆಳೆದ ಮರ ಒಮ್ಮೆ ಎಲೆ ಕಳೆದುಕೊಂಡರೆ ಸಾಯುವುದಿಲ್ಲ. ಬೇರು, ಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದ ಮತ್ತೆ ಚಿಗುರುತ್ತದೆ. ಚಿಂತೆ ಮಾಡಬೇಕಾದದ್ದು ಮೂರು ಸಂದರ್ಭದಲ್ಲಿ: ಎರಡು ವರ್ಷದೊಳಗಿನ ಸಸಿ ಆಗಿದ್ದರೆ, ಒಂದೇ ವರ್ಷದಲ್ಲಿ ಪದೇ ಪದೇ ಬೋಳಾದರೆ, ತೊಗಟೆಯಿಂದ ಹೊಟ್ಟು ಅಥವಾ ಅಂಟು ಸುರಿಯುತ್ತಿದ್ದರೆ.

ಗಿಡದ್ದೇ ಔಷಧ ಅಂದರೆ ನಮಗೆ ಅಪಾಯ ಇಲ್ಲ ಅಲ್ವಾ?

ಹಾಗೆ ಅಂದುಕೊಳ್ಳಬೇಡಿ. ಯುಗಾದಿಗೆ ತಿನ್ನುವ ಒಂದು ಚಿಟಿಕೆ ಬೇವು ಬೇರೆ ಮಾತು. ಬೇವಿನ ಎಣ್ಣೆಯನ್ನು ಚಿಕ್ಕ ಮಕ್ಕಳಿಗೆ ಕುಡಿಸಿ ಪ್ರಾಣಾಪಾಯ ಆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಔಡಲ ಬೀಜದಲ್ಲಿರುವ ರಿಸಿನ್ ಅತ್ಯಂತ ಉಗ್ರ ವಿಷಗಳಲ್ಲಿ ಒಂದು. ಸೀತಾಫಲದ ಬೀಜದ ಪುಡಿ ಹೇನಿಗೆ ಒಳ್ಳೆಯದು ಅಂತ ತಲೆಗೆ ಹಚ್ಚುತ್ತಾರೆ. ಅದು ಕಣ್ಣಿಗೆ ಇಳಿದರೆ ಕಣ್ಣು ಕೆಡುತ್ತದೆ. ಕಷಾಯ ಹೊಡೆಯುವಾಗಲೂ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಆಮೇಲೆ ಕೈ ತೊಳೆಯಿರಿ.

ಶಾಲೆ ಮಕ್ಕಳಿಗೆ ಇದನ್ನು ತೋರಿಸಲು ಸುಲಭದ ಪ್ರಯೋಗ ಇದೆಯಾ?

ಇದೆ. ದಾಳಿಂಬೆ ಸಿಪ್ಪೆ, ಕರಿಜಾಲಿ ತೊಗಟೆ, ಬೇವಿನ ಎಲೆ, ನುಗ್ಗೆ ಎಲೆಯನ್ನು ಬೇರೆ ಬೇರೆ ಲೋಟದಲ್ಲಿ ಬಿಸಿ ನೀರು ಹಾಕಿ ನೆನೆಸಿ, ಸೋಸಿ. ಪ್ರತಿ ಲೋಟಕ್ಕೂ ಒಂದು ತುಕ್ಕು ಹಿಡಿದ ಮೊಳೆ ಹಾಕಿ ಮರುದಿನದವರೆಗೆ ಬಿಡಿ. ಟ್ಯಾನಿನ್ ಜಾಸ್ತಿ ಇರುವ ಲೋಟದ ನೀರು ಶಾಯಿಯಂತೆ ಕಪ್ಪಾಗುತ್ತದೆ. ಹಿಂದಿನ ಕಾಲದ ಕಪ್ಪು ಶಾಯಿಗಳಲ್ಲಿ ಎಷ್ಟೋ ಹೀಗೇ ತಯಾರಾಗುತ್ತಿದ್ದವು. ಆಮೇಲೆ ಒಂದೇ ಮರದ ಚಿಗುರು ಮತ್ತು ಬಲಿತ ಎಲೆಯನ್ನು ಸಮ ತೂಕದಲ್ಲಿ ತಗೊಂಡು ಹೋಲಿಸಿ ನೋಡಲು ಹೇಳಿ.

ಹುಳ ಯಾವುದು ಅಂತಲೇ ಗೊತ್ತಾಗುತ್ತಿಲ್ಲ. ಯಾರನ್ನು ಕೇಳಬೇಕು?

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗ ಇದೆ. ಕೊಪ್ಪಳ ಜಿಲ್ಲೆಯವರಿಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ, ಬಳ್ಳಾರಿಯವರಿಗೆ ಹಗರಿಯ ಕೇಂದ್ರ ಹತ್ತಿರ. ಬರೀ ತೂತು ಬಿದ್ದ ಎಲೆ ಒಯ್ದರೆ ಅವರಿಗೂ ಹೇಳಲು ಕಷ್ಟ. ಹುಳ ಕೂತ ಕುಡಿಯನ್ನೇ ಕತ್ತರಿಸಿ, ಅಗಲ ಬಾಯಿಯ ಬಾಟಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ ಒಯ್ಯಿರಿ. ಮರ ಯಾವುದು, ಚಿಗುರು ಎಂದು ಬಂತು, ಗೊಬ್ಬರ, ಔಷಧ ಏನು ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ರಾತ್ರಿ ಮಾತ್ರ ತಿನ್ನುವ ಹುಳಗಳೂ ಇವೆ, ಹಗಲು ಏನೂ ಸಿಗದಿದ್ದರೆ ಊಟ ಆದ ಮೇಲೆ ಬ್ಯಾಟರಿ ಹಿಡಿದು ಒಮ್ಮೆ ಎಲೆಯ ಅಡಿ ಭಾಗ ನೋಡಿ ಬನ್ನಿ.